ಪರಮವೀರ ರಾಮ ರಾಘೋಬಾ ರಾಣೆ: ಗೋಡೆ ಫಲಕಕ್ಕೆ ಬರೆಯುವ ಮುಂಚೆ ಯಾವುದು ದಾಖಲೆ, ಯಾವುದು ವಾಟ್ಸ್ಯಾಪ್?

ಗೋಡೆಬರಹ
ಕಾರವಾರ ಕಡೆಯ ಒಂದು ಪ್ರೌಢಶಾಲೆಯ ಗೋಡೆಗೆ ರಾಣೆಯವರ ಬಗ್ಗೆ ಫಲಕ ಆಗಬೇಕಿದೆ. ಆರಡಿಗೆ ನಾಲ್ಕಡಿ ಜಾಗ, ನೂರು ಪದಕ್ಕಿಂತ ಹೆಚ್ಚು ಹಿಡಿಯಲ್ಲ. ಕೈಗೆ ಬಂದಿರುವ ಕರಡಿನಲ್ಲಿ ಹೀಗಿದೆ: "ಮಹಾರಾಷ್ಟ್ರ ಮೂಲದ ಮೇಜರ್ ರಾಣೆ, 72 ಗಂಟೆ ನಿದ್ದೆಯಿಲ್ಲದೆ, ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ ಸಾವಿರಾರು ಬಾಂಬ್ ತೆಗೆದು, ವೀರಮರಣವನ್ನಪ್ಪಿ, ಮರಣೋತ್ತರ ಪರಮವೀರ ಚಕ್ರ ಪಡೆದರು." ಇದರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ? ಬಿಡಿಬಿಡಿಯಾಗಿ ಹೇಳಿ. ಒಮ್ಮೆ ಬಣ್ಣ ಬಳಿದ ಮೇಲೆ ಇಪ್ಪತ್ತು ವರ್ಷ ಯಾರೂ ತಿದ್ದಲ್ಲ.

ಹಳೇಗೆಜೆಟ್
ಒಂದೇ ವಾಕ್ಯದಲ್ಲಿ ಇಷ್ಟು ತಪ್ಪು ತುಂಬೋದಕ್ಕೂ ಕಲೆ ಬೇಕು. ಮೊದಲು ದೊಡ್ಡದು: ಮರಣೋತ್ತರ ಅಲ್ಲವೇ ಅಲ್ಲ. ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ನಡೆದ 1947-48ರ ಯುದ್ಧಕ್ಕೆ ಐದು ಪರಮವೀರ ಚಕ್ರ ಬಂತು. ಬಡಗಾಮ್‌ನ ಮೇಜರ್ ಸೋಮನಾಥ ಶರ್ಮ, ನೌಶೇರಾದ ನಾಯಕ್ ಜದುನಾಥ ಸಿಂಗ್, ತಿಥ್ವಾಲ್‌ನ ಪೀರು ಸಿಂಗ್ ಹುತಾತ್ಮರಾದವರು. ಬದುಕಿ ಉಳಿದವರು ಇಬ್ಬರೇ: ರಾಣೆ ಮತ್ತು ಲ್ಯಾನ್ಸ್ ನಾಯಕ್ ಕರಮ್ ಸಿಂಗ್. ರಾಣೆಯವರ ಕಾರ್ಯ (ನೌಶೇರಾ–ರಾಜೌರಿ ರಸ್ತೆಯಲ್ಲಿ ಶತ್ರುವಿನ ತಡೆಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಬಿಡಿಸಿದ್ದು) ಏಪ್ರಿಲ್ 1948ರದ್ದು, ಕರಮ್ ಸಿಂಗ್ ಅವರದ್ದು ಅಕ್ಟೋಬರ್‌ದು. ಹಾಗಾಗಿ ಬದುಕಿದ್ದು ಈ ಗೌರವ ಪಡೆದವರಲ್ಲಿ, ಘಟನೆಯ ದಿನಾಂಕದ ಪ್ರಕಾರ, ರಾಣೆಯೇ ಮೊದಲು. ತೀರಿಕೊಂಡದ್ದು 11 ಜುಲೈ 1994ರಂದು, ಪುಣೆಯಲ್ಲಿ, 76ನೇ ವಯಸ್ಸಿನಲ್ಲಿ.

ಹುದ್ದೆ: ಘಟನೆಯ ಹೊತ್ತಿಗೆ ಸೆಕೆಂಡ್ ಲೆಫ್ಟಿನೆಂಟ್. ಮೇಜರ್ ಆಗಿದ್ದು ಆಮೇಲೆ, ನಿವೃತ್ತಿ 1968ರಲ್ಲಿ. ಫಲಕದಲ್ಲಿ "ಮೇಜರ್" ಅಂತ ಹಾಕಿದರೆ ಅವರ ಸಾಧನೆಯ ಒಂದು ಮುಖ್ಯ ಸಂಗತಿಯೇ ಮುಚ್ಚಿಹೋಗುತ್ತದೆ. ಅವರಿಗೆ ಕಮಿಷನ್ ಸಿಕ್ಕಿದ್ದು 15 ಡಿಸೆಂಬರ್ 1947ಕ್ಕೆ. ಏಪ್ರಿಲ್ 8ಕ್ಕೆ ಅಧಿಕಾರಿಯಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ಆದರೆ ಹೊಸ ಹುಡುಗ ಅಂದುಕೊಳ್ಳಬೇಡಿ. 1940ರ ಜುಲೈ 10ರಂದು ಸಾಮಾನ್ಯ ಸಿಪಾಯಿಯಾಗಿ ಸೇರಿ, ಬರ್ಮಾ ರಣರಂಗ ಕಂಡು, ನಾಯಕ್, ಹವಾಲ್ದಾರ್, ಜಮಾದಾರ್ ಎಲ್ಲ ಆಗಿ ಮೇಲೆ ಬಂದ 29ರ ಅನುಭವಸ್ಥ.

ಮಾಜಾಳಿ_ಗಾಳಿ
ಮಹಾರಾಷ್ಟ್ರದ ವಿಷಯ ನಾನು ಹೇಳ್ತೆ. ಹುಟ್ಟಿದ್ದು 26 ಜೂನ್ 1918. ಮನೆತನ ಕಾರವಾರ ತಾಲ್ಲೂಕಿನ ಚೆಂಡಿಯಾದ್ದು, ಮನೆಮಾತು ಕೊಂಕಣಿ. ತಂದೆ ಪೊಲೀಸ್ ಕಾನ್‌ಸ್ಟೇಬಲ್; ಅವರಿಗೆ ವರ್ಗ ಆದಾಗೆಲ್ಲ ಇವರಿಗೆ ಶಾಲೆ ಬದಲು. ಆಗ ಉತ್ತರ ಕನ್ನಡ ಬಾಂಬೆ ಪ್ರಾಂತ್ಯದಲ್ಲಿತ್ತು ಮಾರಾಯ್ರೆ, ಮೈಸೂರಿಗೆ ಸೇರಿದ್ದು 1 ನವೆಂಬರ್ 1956ಕ್ಕೆ. ಪ್ರಶಸ್ತಿ ಗೆಜೆಟ್ ಆದದ್ದು 1950ರಲ್ಲಿ. ಸೇರಿದ ದಳ ಬಾಂಬೆ ಸ್ಯಾಪರ್ಸ್ (ಸ್ಯಾಪರ್ ಅಂದರೆ ಸೇನೆಯ ಎಂಜಿನಿಯರ್ ದಳದ ಸೈನಿಕ), ಅದರ ಕೇಂದ್ರ ಪುಣೆಯ ಖಡ್ಕಿ. ಕೊನೆಗಾಲವೂ ಪುಣೆಯಲ್ಲೇ. ಹೀಗೆ ಎಲ್ಲ ಕಾಗದದಲ್ಲೂ "ಬಾಂಬೆ" ಅಂತಲೇ ಬಂತು, ಆಮೇಲೆ ಬರೆದವರು ಅದನ್ನೇ ಮಹಾರಾಷ್ಟ್ರ ಅಂತ ಓದಿಕೊಂಡರು. ಇತ್ತ ಕರ್ನಾಟಕದಲ್ಲಿ ಸ್ಯಾಪರ್ಸ್ ಅಂದರೆ ಜನಕ್ಕೆ ನೆನಪಾಗುವುದು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. ಆ ಪಟ್ಟಿಯಲ್ಲಿ ಇವರಿಲ್ಲ. ಎರಡು ರಾಜ್ಯದ ನಡುವಿನ ಬಿರುಕಿಗೆ ಬಿದ್ದ ಹೆಸರು ಇದು.

ಗೋಡೆಬರಹ
ಸರಿ, ಮೂರು ತಪ್ಪು ಹೊರಟುಹೋಯ್ತು. 72 ಗಂಟೆ?

ಹಳೇಗೆಜೆಟ್
ಸೈಟೇಶನ್‌ನಲ್ಲಿ (ಪದಕ ಯಾಕೆ ಕೊಟ್ಟರು ಅಂತ ಹೇಳುವ ಅಧಿಕೃತ ಬರಹ) ಗಂಟೆಗಳೇ ಇವೆ, ಕೂಡಿ ನೋಡಬಹುದು. ಎಂಟನೇ ತಾರೀಖು ಬೆಳಿಗ್ಗೆ 11ರಿಂದ ರಾತ್ರಿ 10. ಒಂಬತ್ತಕ್ಕೆ ಬೆಳಿಗ್ಗೆ 6ರಿಂದ ಸಂಜೆ 6.15ರವರೆಗಂತೂ ಹೌದು. ಹತ್ತಕ್ಕೆ ನಸುಕಿನ 4.45ರಿಂದ ರಾತ್ರಿ 9. ಹನ್ನೊಂದಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10. ಅಂದರೆ 11, 12¼, 16¼, 16. ಒಟ್ಟು ಐವತ್ತೈದೂವರೆ ಗಂಟೆ, 83 ಗಂಟೆಗಳ ಅವಧಿಯಲ್ಲಿ. ಎಂಟನೇ ತಾರೀಖಿನದು ಕೆಲಸಕ್ಕೆ ಕಾದು ನಿಂತ ಹೊತ್ತನ್ನೂ ಸೇರಿಸಿದ ಲೆಕ್ಕ. ರಾತ್ರಿಗಳಲ್ಲಿ ವಿರಾಮ ಇತ್ತು. ಹತ್ತನೇ ತಾರೀಖಿನ ಬಗ್ಗೆ ಮಾತ್ರ ಅನ್ನ, ವಿಶ್ರಾಂತಿ ಎರಡೂ ಇಲ್ಲದೆ ರಾತ್ರಿ 9ರವರೆಗೆ ದುಡಿದರು ಅಂತ ಸ್ಪಷ್ಟವಾಗಿದೆ. ಇದನ್ನು ಹೇಳಿದರೆ ಸಾಕು. ಗಾಯಗೊಂಡ ಮನುಷ್ಯ ನಾಲ್ಕು ದಿನದಲ್ಲಿ ಐವತ್ತೈದು ಗಂಟೆ ಗುಂಡಿನ ಎದುರು ಮಣ್ಣು ಅಗೆದ ಅನ್ನೋದಕ್ಕೆ ಮೇಲೆ ಮಸಾಲೆ ಯಾಕೆ?

ನಕಾಶೆ
ಗಾಯದ ವಿಷಯವೂ ಫಲಕಕ್ಕೆ ಬರಲಿ. ಮೊದಲ ದಿನವೇ, ಕೆಲಸ ಶುರುವಾಗುವ ಮುಂಚೆಯೇ ಆದದ್ದು. ನಾದಪುರ ದಕ್ಷಿಣದ ಹತ್ತಿರ ರಾಣೆಯ ತಂಡ ಟ್ಯಾಂಕುಗಳ ಪಕ್ಕ ಕಾಯುತ್ತಿತ್ತು, 11 ಗಂಟೆಗೆ ಮಾರ್ಟರ್ ಮಳೆ. ಇಬ್ಬರು ಸತ್ತರು, ರಾಣೆ ಸೇರಿ ಐವರಿಗೆ ಪೆಟ್ಟು. ಸಣ್ಣ ತಂಡದಲ್ಲಿ ಏಳು ಜನ ಒಂದೇ ಏಟಿಗೆ ಹೋದರೆ ಸಾಮಾನ್ಯವಾಗಿ ಆ ದಿನದ ಕೆಲಸ ನಿಲ್ಲುತ್ತದೆ. ಅವರು ಅಲ್ಲೇ ಉಳಿದವರನ್ನು ಮರುಜೋಡಿಸಿ ಮುಂದುವರಿಸಿದರು.

ಇನ್ನೊಂದು, ಸೈಟೇಶನ್‌ನಲ್ಲಿ "26ನೇ ಮೈಲಿ" ಅಂತ ಬರುತ್ತದೆ. ಅದು ಮೈಲಿಗಲ್ಲಿನ ಸಂಖ್ಯೆ. ನೌಶೇರಾದಿಂದ 26 ಮೈಲಿ ಮುಂದೆ ಅಂತ ಬರೆದರೆ ಹೆಚ್ಚುಕಡಿಮೆ ರಾಜೌರಿಯ ಹತ್ತಿರಕ್ಕೇ ಹೋಗಿಬಿಡ್ತೀರಿ. ಮೊದಲ ದಿನ ಸೇನೆ ಹಿಡಿದ ಬರ್ವಾಲಿ ದಿಣ್ಣೆ ನೌಶೇರಾಕ್ಕೇ ಹತ್ತಿರ.

ಮುಳ್ಳುತಂತಿ
ಎಲ್ಲರೂ ರಸ್ತೆಗೆ ಅಡ್ಡ ಕೆಡವಿದ್ದ ಐದು ಪೈನ್ ಮರದ ಕಥೆ ಹೇಳ್ತಾರೆ, ಟ್ಯಾಂಕಿನ ಕಥೆ ಹೇಳ್ತಾರೆ. ಸೈಟೇಶನ್‌ನ ಗಡಿಯಾರ ನೋಡಿದರೆ ಬೇರೆಯೇ ಕಾಣುತ್ತದೆ. ಐದು ಮರದ ತಡೆ ತೆಗೆದದ್ದು ಹತ್ತನೇ ತಾರೀಖು 4.45ರಿಂದ 6.30: ಒಂದು ಮುಕ್ಕಾಲು ಗಂಟೆ. ಆದರೆ ಬರ್ವಾಲಿ ದಿಣ್ಣೆ ದಾಟಿದ ಮೇಲೆ ಟ್ಯಾಂಕುಗಳಿಗೆ ಬಳಸುದಾರಿ ಕಡಿದದ್ದು ಎಂಟನೇ ತಾರೀಖು ಸಂಜೆ 4.30ಕ್ಕೆ ದಿಣ್ಣೆ ಕೈಗೆ ಬಂದಾಗಿನಿಂದ ರಾತ್ರಿ 10, ಮತ್ತೆ ಮಾರನೇ ದಿನ 6ರಿಂದ ಮಧ್ಯಾಹ್ನ 3. ಹದಿನಾಲ್ಕೂವರೆ ಗಂಟೆ! ಇಡೀ ಕಾರ್ಯಾಚರಣೆಯಲ್ಲಿ ಒಂದೇ ಜಾಗದಲ್ಲಿ ಅತಿ ಹೆಚ್ಚು ಹೊತ್ತು ತಿಂದ ಕೆಲಸ ಅದು. ಅದನ್ನು ಯಾರೂ ಬರೆಯಲ್ಲ, ಯಾಕೆಂದರೆ ಅದರಲ್ಲಿ ಸ್ಫೋಟ ಇಲ್ಲ, ಹಾರೆ ಪಿಕಾಸಿ ಸಲಿಕೆ ಇದೆ.

ಬಳಸುದಾರಿ ಅಂದರೆ ಏನು ಅಂತ ಮಕ್ಕಳಿಗೆ ಹೇಳಬೇಕಾದರೆ: ಗುಡ್ಡದ ಪಕ್ಕೆಯ ರಸ್ತೆ ಕಡಿದುಹೋಗಿದೆ ಅಥವಾ ಮೋರಿ ಹಾರಿಸಿದ್ದಾರೆ. ಮೋರಿ ಮತ್ತೆ ಕಟ್ಟಲು ಹೊತ್ತಿಲ್ಲ. ಹಾಗಾಗಿ ರಸ್ತೆಯಿಂದ ಹಳ್ಳಕ್ಕೆ ಇಳಿಜಾರು ಕಡಿಯಬೇಕು, ಹಳ್ಳದ ತಳಕ್ಕೆ ಕಲ್ಲು ತುಂಬಬೇಕು, ಆಚೆ ದಡದಲ್ಲಿ ಏರು ಕಡಿಯಬೇಕು. ಆ ಹೊತ್ತಿನ ಸ್ಟುವರ್ಟ್ ಟ್ಯಾಂಕಿನ ಅಗಲ 2.24 ಮೀಟರ್. ಎರಡೂ ಪಕ್ಕ ಸ್ವಲ್ಪ ಬಿಟ್ಟರೆ ಮೂರು ಮೀಟರ್ ಕಡಿತ ಬೇಕೇಬೇಕು. ಮಣ್ಣನ್ನು ಇಳಿಜಾರಿನ ಕಡೆಗೆ ಸುಮ್ಮನೆ ತಳ್ಳಿ "ಅಗಲ ಆಯ್ತು" ಅಂದುಕೊಂಡರೆ ಕೆಟ್ಟಿತು. ಹೊಸ ಮಣ್ಣಿನ ಅಂಚಿನ ಮೇಲೆ 14 ಟನ್ ಕೂತ ಕೂಡಲೇ ಅಂಚು ಕುಸಿದು ಟ್ಯಾಂಕ್ ಮಗುಚುತ್ತದೆ, ಹಿಂದಿನ ಸಾಲೆಲ್ಲ ನಿಂತು ಗುರಿಯಾಗುತ್ತದೆ. ಅದಕ್ಕೇ ಗುಡ್ಡದ ಒಳಭಾಗವನ್ನೇ ಕಡಿಯಬೇಕು, ಅದು ಗಟ್ಟಿ ನೆಲ, ನಿಧಾನದ ಕೆಲಸ. ಇದನ್ನು ಮೆಷಿನ್‌ಗನ್ ಗುಂಡಿನ ಎದುರು ರಾತ್ರಿಯೂ ಮಾಡಿದ್ದಾರೆ. ಪಿಕಾಸಿ ಕಲ್ಲಿಗೆ ತಾಗಿದರೆ ಸದ್ದು, ದೀಪ ಹಚ್ಚುವ ಹಾಗಿಲ್ಲ.

ಕಬ್ಬಿಣದ_ಪಟ್ಟಿ
@ಮುಳ್ಳುತಂತಿ ಒಂದು ಸೇರ್ಪಡೆ. ಟ್ಯಾಂಕಿಗೆ ಸಾಕಾಗುವ ದಾರಿ ಲಾರಿಗೆ ಸಾಕಾಗಲ್ಲ. ಸ್ಟುವರ್ಟ್ ಸುಮಾರು 60 ಶೇಕಡಾ ಏರು ಹತ್ತುತ್ತದೆ, ಅಂದರೆ 30 ಡಿಗ್ರಿ. ತುಂಬಿದ ಲಾರಿ ಹಸಿ ಮಣ್ಣಿನಲ್ಲಿ ಅದರ ಅರ್ಧಕ್ಕೂ ಉಸಿರುಗಟ್ಟುತ್ತದೆ. ಹತ್ತನೇ ತಾರೀಖು ನಡೆದದ್ದು ಇದೇ. ಟ್ಯಾಂಕುಗಳು ರಸ್ತೆ ಬಿಟ್ಟು ತಾವಿ ನದಿಯ ಪಾತ್ರಕ್ಕೆ ಇಳಿದು ಮಧ್ಯಾಹ್ನ 2 ಗಂಟೆಗೆ ನಡುದಾರಿಯ ಚಿಂಗಸ್ ಊರು ಮುಟ್ಟಿದವು. ಅಲ್ಲಿಗೆ ಟ್ಯಾಂಕಿನವರಿಗೆ ರಾಣೆಯ ಅಗತ್ಯ ಮುಗಿದಿತ್ತು. ಆದರೆ ಅವರು ಅಲ್ಲಿಗೆ ಬಿಡಲಿಲ್ಲ, ಹಿಂದೆ ಬರುವ ಸರಬರಾಜು ಸಾಲಿಗಾಗಿ ರಸ್ತೆ ಬಿಡಿಸುತ್ತಾ ರಾತ್ರಿ 9ರವರೆಗೆ ದುಡಿದರು. ಚಿಂಗಸ್‌ವರೆಗೆ ರಸ್ತೆ ತೆರೆದದ್ದು ಮಾರನೇ ದಿನ 11 ಗಂಟೆಗೆ. ಆ ನಡುವಿನ 21 ಗಂಟೆ ಮುಂದಿದ್ದ ಟ್ಯಾಂಕುಗಳಿಗೆ ಬೆನ್ನ ಹಿಂದೆ ಗಾಡಿದಾರಿ ಇರಲಿಲ್ಲ. ಎಂ3 ಸ್ಟುವರ್ಟ್ ಟಾರು ರಸ್ತೆಯಲ್ಲೇ ಒಮ್ಮೆ ತುಂಬಿದರೆ ನೂರಹತ್ತು ಕಿಲೋಮೀಟರ್ ಸುತ್ತಮುತ್ತ ಓಡುವ ಗಾಡಿ. ನದಿಯ ಗುಂಡುಕಲ್ಲಿನ ಮೇಲೆ ಇನ್ನೂ ಕಡಿಮೆ. ಪೆಟ್ರೋಲ್, ಗುಂಡು, ನೀರು ಬಾರದಿದ್ದರೆ ರಾಜೌರಿಯ ತನಕ ಹೋಗುವ ಮಾತೇ ಇಲ್ಲ. ಸೇನೆ ರಾಜೌರಿ ತಲುಪಿದ್ದು 12ಕ್ಕೆ. ನನ್ನ ಪ್ರಕಾರ ಈ ಎರಡನೇ ಭಾಗವೇ ಅವರ ದೊಡ್ಡ ತೀರ್ಮಾನ, ಬಹಳ ಲೇಖನಗಳು ಟ್ಯಾಂಕು ದಾಟಿದ ತಕ್ಷಣ ಕಥೆ ಮುಗಿಸಿಬಿಡುತ್ತವೆ.

ಗೋಡೆಬರಹ
ಹಾಗಾದರೆ ಟ್ಯಾಂಕಿನ ಅಡಿಯಲ್ಲಿ ತೆವಳಿದ್ದು? ಚಿತ್ರ ಬಿಡಿಸುವವರಿಗೆ ಅದೇ ದೃಶ್ಯ ಬೇಕಂತೆ.

ಹಳೇಗೆಜೆಟ್
ಸೈಟೇಶನ್‌ನಲ್ಲಿ ಅದಿಲ್ಲ. ಅದರ ಪ್ರಕಾರ ಒಂಬತ್ತನೇ ತಾರೀಖು ಅವರು ಮುಂದಿನ ಕ್ಯಾರಿಯರ್‌ನಲ್ಲಿ (ಮೇಲೆ ತೆರೆದಿರುವ ಸಣ್ಣ ಚೈನುಗಾಡಿ) ಕೂತು ಹೋದರು. ಅರ್ಧ ಮೈಲಿಗೆ ಪೈನ್ ಮರದ ತಡೆ, ಇಳಿದು ಸಿಡಿಸಿದರು. ಮುನ್ನೂರು ಗಜಕ್ಕೆ ಮತ್ತೊಂದು, ಅದೇ ಕೆಲಸ. ಐದು ಗಂಟೆ ಹೊತ್ತಿಗೆ ಹಾರಿಸಿದ ಮೋರಿ, ಅಲ್ಲಿ ಗುಂಡಿನ ನಡುವೆ ಬಳಸುದಾರಿ. 6.15ಕ್ಕೆ ಐದು ದೊಡ್ಡ ಮರ, ಸುತ್ತ ಮೈನ್ (ನೆಲದಲ್ಲಿ ಹುಗಿದ ಬಾಂಬ್), ಮೇಲೆ ಮೆಷಿನ್‌ಗನ್ ಕಾವಲು. ಕತ್ತಲು ಕವಿಯುತ್ತಿತ್ತು. ಅವರು ಮೈನ್ ತೆಗೆಯಲು ಶುರು ಮಾಡಿದರೂ ಟ್ಯಾಂಕ್ ಸಾಲಿನ ಕಮಾಂಡರ್ ನಿಲ್ಲಿಸಿ ತಂಗಲು ಹೇಳಿದರು. ಟ್ಯಾಂಕಿನ ಅಡಿಯ ಪ್ರಸಂಗ ಆಮೇಲಿನ ಬರಹಗಳಲ್ಲಿ ಬರುತ್ತದೆ: ಚಾಲಕನಿಗೆ ಎರಡು ಹಗ್ಗ ಕಟ್ಟಿ, ಒಂದನ್ನು ಜಗ್ಗಿದರೆ ಮುಂದೆ, ಇನ್ನೊಂದನ್ನು ಜಗ್ಗಿದರೆ ನಿಲ್ಲು ಅಂತ.

ಕಬ್ಬಿಣದ_ಪಟ್ಟಿ
ಆಗುವ ಮಾತೇ. ಸ್ಟುವರ್ಟಿನ ಹೊಟ್ಟೆ ನೆಲದಿಂದ ಸುಮಾರು 42 ಸೆಂಟಿಮೀಟರ್ ಮೇಲಿದೆ. ಎರಡು ಚೈನುಪಟ್ಟಿಗಳ ನಡುವೆ ಒಂದೂವರೆ ಮೀಟರಿಗಿಂತ ಚೂರು ಹೆಚ್ಚು ಜಾಗ. ಅಂಗಾತವೋ ಬೋರಲಾಗಿಯೋ ಮಲಗಿದವ ಮೊಣಕೈ ಊರಿ ಸರಿಯಬಹುದು, ತಲೆ ಎತ್ತಲಾಗಲ್ಲ. ಹಗ್ಗ ಯಾಕೆ ಬೇಕು ಅಂದರೆ ಮುಚ್ಚಳ ಹಾಕಿಕೊಂಡ ಚಾಲಕನಿಗೆ ಮೂತಿಯ ಮುಂದಿನ ಕೆಲವು ಮೀಟರ್ ನೆಲ ಕಾಣುವುದೇ ಇಲ್ಲ, ಎಂಜಿನ್ ಸದ್ದಿನಲ್ಲಿ ಕೂಗು ಕೇಳಲ್ಲ. ಆದರೆ ಚಿತ್ರಕಾರರಿಗೆ ಒಂದು ಮಾತು: ಟ್ಯಾಂಕ್ ಓಡುತ್ತಿರುವ ಹಾಗೆ, ಧೂಳೆದ್ದ ಹಾಗೆ ಬರೆಯಬೇಡಿ. ಇದು ಆಮೆ ನಡಿಗೆ. ಮತ್ತೆ, ಮೈನ್ ಇರುವುದು ಪಟ್ಟಿ ಹಾಯುವ ಗೆರೆಯಲ್ಲಿ, ಹೊಟ್ಟೆಯ ಕೆಳಗಲ್ಲ. ಆದ್ದರಿಂದ ಅಡಿಯಲ್ಲಿ ಇದ್ದುಕೊಂಡೇ ಎಲ್ಲ ತೆಗೆಯಲಾಗಲ್ಲ. ತಡೆಯವರೆಗೆ ಹೋಗಲು ಟ್ಯಾಂಕ್ ಗುರಾಣಿ, ಅಲ್ಲಿಂದ ಮುಂದೆ ದೇಹ ಹೊರಗೆ ಚಾಚಲೇಬೇಕು.

ಫಲಕದ ಪಠ್ಯದಲ್ಲಿ ಬೇಡ, ಚಿತ್ರದಲ್ಲಿ ಇರಲಿ ಅನ್ನೋದು ನನ್ನ ಅಭಿಪ್ರಾಯ.

ಹಳೇಗೆಜೆಟ್
ಚಿತ್ರದಲ್ಲೂ ಕ್ಯಾರಿಯರ್ ಮತ್ತು ಪೈನ್ ಮರ ಹಾಕಿದರೆ ದಾಖಲೆಯ ಮೇಲೆ ನಿಂತ ಹಾಗಾಗುತ್ತದೆ. ನಾನು ಇದರಲ್ಲಿ ಜಗ್ಗಲ್ಲ.

ಸುಣ್ಣದಗೂಡು
ಮೈನ್ ತೆಗೆಯೋದು ಅಂದರೆ ಸಿನಿಮಾದಲ್ಲಿ ತಂತಿ ಕತ್ತರಿಸ್ತಾರಲ್ಲ, ಹಾಗೇನಾ? ಮಕ್ಕಳು ಕೇಳೇ ಕೇಳ್ತಾರೆ. ಮತ್ತೆ ಗುಂಡಿಟ್ಟು ಎಲ್ಲ ಒಟ್ಟಿಗೆ ಸಿಡಿಸಿಬಿಟ್ಟರೆ ಆಗಲ್ವಾ?

ಮುಳ್ಳುತಂತಿ
ತಂತಿ ಕತ್ತರಿಸೋದು ಸಿನಿಮಾಕ್ಕೆ. ಆ ಕಾಲದ ಸಾಮಾನ್ಯ ವಿಧಾನ ಹೇಳ್ತೇನೆ, ರಾಣೆಯ ತಂಡ ಪ್ರತಿ ಮೈನಿಗೂ ಇದನ್ನೇ ಮಾಡಿತು ಅಂತ ಓದಿಕೊಳ್ಳಬೇಡಿ.

ಬಯೊನೆಟ್ಟನ್ನು ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಮೆಲ್ಲಗೆ ಚುಚ್ಚುತ್ತಾ ಹೋಗಬೇಕು. ನೆಟ್ಟಗೆ ಚುಚ್ಚಿದರೆ ಮೊನೆ ಮೈನಿನ ನೆತ್ತಿಯ ಒತ್ತುತಟ್ಟೆಗೆ ಬೀಳುತ್ತದೆ. ಓರೆಯಾಗಿ ಚುಚ್ಚಿದರೆ ಪಕ್ಕೆಗೆ ತಾಗುತ್ತದೆ. ಗಟ್ಟಿ ಏನಾದರೂ ಸಿಕ್ಕಿದರೆ ಆಯುಧ ಬದಿಗಿಟ್ಟು ಬೆರಳಿನಿಂದ ಮಣ್ಣು ಬಿಡಿಸಿ ಅಂಚು ಹುಡುಕಬೇಕು. ಟ್ಯಾಂಕ್ ನಿರೋಧಕ ಮೈನು ಮನುಷ್ಯ ಕಾಲಿಟ್ಟರೆ ಸಾಮಾನ್ಯವಾಗಿ ಸಿಡಿಯಲ್ಲ, ಅದಕ್ಕೆ ನೂರು ಕಿಲೋ ಆಸುಪಾಸಿನ ಅಥವಾ ಅದಕ್ಕೂ ಮೀರಿದ ಭಾರ ಬೇಕು. ಅಪಾಯ ಇರುವುದು ಅದರ ಕೆಳಗೆ. ಎತ್ತಿದ ಕೂಡಲೇ ಸಿಡಿಯುವ ಇನ್ನೊಂದು ಉಪಕರಣ ಇಟ್ಟಿರುತ್ತಾರೆ. ಆದ್ದರಿಂದ ಪೂರ್ತಿ ಬಿಡಿಸಿದ ಮೇಲೂ ಕೈಯಿಂದ ಎತ್ತುವಂತಿಲ್ಲ. ಕೊಕ್ಕೆ ಹಾಕಿ, ಉದ್ದ ಹಗ್ಗ ಕಟ್ಟಿ, ಮರೆಗೆ ಹೋಗಿ ಎಳೆಯಬೇಕು. ಎಳೆದ ಮೇಲೂ ಸ್ವಲ್ಪ ಕಾದು ಹತ್ತಿರ ಹೋಗಬೇಕು.

ಶೋಧಕ ಯಂತ್ರ ಆಗಲೇ ಇತ್ತು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಎಂಜಿನಿಯರ್ ಕೊಸಾಟ್ಸ್ಕಿ ರೂಪಿಸಿದ್ದು, ಈಜಿಪ್ಟಿನ ಎಲ್ ಅಲಮೇನ್ ಕದನದಲ್ಲಿ ಬಳಕೆಯಾದದ್ದು. ಆದರೆ ಅದನ್ನು ಸಾಮಾನ್ಯವಾಗಿ ನಿಂತುಕೊಂಡೇ ಬೀಸುತ್ತಿದ್ದರು, ಮೆಷಿನ್‌ಗನ್ ಎದುರು ನಿಂತವನ ಆಯಸ್ಸು ಎಷ್ಟು? ಮಾರ್ಟರ್ ಬಿದ್ದ ನೆಲದಲ್ಲಿ ಎಲ್ಲೆಡೆ ಕಬ್ಬಿಣದ ಚೂರು, ಯಂತ್ರ ಹೆಜ್ಜೆಹೆಜ್ಜೆಗೂ ಕಿರುಚುತ್ತದೆ. ಮರದ ಪೆಟ್ಟಿಗೆಯ ಮೈನಿಗೆ ಅದು ಬಾಯಿ ಬಿಡುವುದೂ ಕಷ್ಟ. ಕೊನೆಗೆ ಉಳಿಯುವುದು ಹೊಟ್ಟೆಯ ಮೇಲೆ ಮಲಗಿದ ಮನುಷ್ಯ, ಬಯೊನೆಟ್, ಬೆರಳು.

ಇದ್ದಲ್ಲೇ ಸಿಡಿಸೋದು ಬಯಲಿನಲ್ಲಿ ಸರಿ. ಗುಡ್ಡದ ಒಂಟಿ ರಸ್ತೆಯಲ್ಲಿ ಪ್ರತಿ ಸ್ಫೋಟಕ್ಕೂ ಒಂದು ಗುಂಡಿ, ಜೊತೆಗೆ ಕೆಳಗಿನ ತಡೆಗೋಡೆ ಜಾರುತ್ತದೆ. ಮೈನ್ ಹೋಯ್ತು, ರಸ್ತೆಯೂ ಹೋಯ್ತು, ಮತ್ತೆ ಹದಿನಾಲ್ಕು ಗಂಟೆಯ ಬಳಸುದಾರಿ.

ಸುಣ್ಣದಗೂಡು
ಮರಕ್ಕೆ ಟ್ಯಾಂಕಿಗೇ ಸರಪಳಿ ಕಟ್ಟಿ ಎಳೆದರೆ?

ಮುಳ್ಳುತಂತಿ
ಒಂಟಿ ಮರ ಆದರೆ ಎಳೆಯಬಹುದು. ತಡೆ ಹಾಕುವವರು ಮರಗಳನ್ನು ರಸ್ತೆಗೆ ಅಡ್ಡ, ಕೊಂಬೆ ಕೊಂಬೆಗೆ ಸಿಕ್ಕುವ ಹಾಗೆ, ತುದಿ ಶತ್ರುವಿನ ಕಡೆಗೆ ಇರುವ ಹಾಗೆ ಕೆಡವುತ್ತಾರೆ. ಒಂದನ್ನು ಎಳೆದರೆ ಐದೂ ಎಳೆದುಕೊಂಡು ಬರಬೇಕು. ಸುತ್ತ ಮೈನ್ ಇದ್ದರೆ ಟ್ಯಾಂಕ್ ಹತ್ತಿರ ಬರುವುದಕ್ಕೇ ಆಗಲ್ಲ. ಹಾಗಾಗಿ ಮೊದಲು ಮೈನ್, ಆಮೇಲೆ ಮರ. ಈ ಕ್ರಮ ತಪ್ಪಿಸುವಂತಿಲ್ಲ.

ಮದ್ದಿನ ಅಂದಾಜಿಗೆ ಅಮೆರಿಕದ ಸೇನಾ ಎಂಜಿನಿಯರುಗಳ ಹಳೇ ಹೆಬ್ಬೆಟ್ಟಿನ ಲೆಕ್ಕ ನೋಡಿ: ಹೊರಗೆ ಕಟ್ಟುವ ಟಿಎನ್‌ಟಿ ಸ್ಫೋಟಕ ಪೌಂಡುಗಳಲ್ಲಿ, ಕಾಂಡದ ವ್ಯಾಸ ಇಂಚುಗಳಲ್ಲಿ, ವ್ಯಾಸದ ವರ್ಗವನ್ನು 40ರಿಂದ ಭಾಗಿಸಬೇಕು. ಹದಿನೆಂಟು ಇಂಚಿನ ಮರಕ್ಕೆ 8 ಪೌಂಡು, ಅಂದರೆ ಮೂರೂವರೆ ಕಿಲೋ ಮೀರಿ. ಕಾಂಡಕ್ಕೆ ತೂತು ಕೊರೆದು ಒಳಗೆ ತುಂಬಿದರೆ 250ರಿಂದ ಭಾಗಿಸಿದರೆ ಸಾಕು, ಅದೇ ಮರಕ್ಕೆ 1.3 ಪೌಂಡು. ಆರುಪಟ್ಟು ಉಳಿತಾಯ, ಆದರೆ ಗುಂಡಿನ ಎದುರು ನಿಂತು ಕೊರೆಯುವವರು ಯಾರು? ಹೊರಗೆ ಕಟ್ಟಿ ಹೆಚ್ಚು ಮದ್ದು ಸುಡುವುದೇ ದಾರಿ. ಬ್ರಿಟಿಷ್ ಪದ್ಧತಿಯ ದಳಗಳಲ್ಲಿ ಗನ್‌ಕಾಟನ್ (ಹತ್ತಿಯಿಂದ ಮಾಡಿದ ಸ್ಫೋಟಕ) ಬಿಲ್ಲೆಗಳ ಬಳಕೆಯಿತ್ತು, ಬತ್ತಿ ಅಡಿಗೆ ಅರ್ಧ ನಿಮಿಷದ ಲೆಕ್ಕದಲ್ಲಿ ಉರಿಯುತ್ತದೆ. ಬತ್ತಿ ಗಿಡ್ಡ ಮಾಡಿದರೆ ಓಡಲು ಹೊತ್ತಿಲ್ಲ, ಉದ್ದ ಮಾಡಿದರೆ ಇಡೀ ಸಾಲು ಅಷ್ಟು ಹೊತ್ತು ನಿಂತು ಗುಂಡು ತಿನ್ನುತ್ತದೆ.

ನಕಾಶೆ
ಹತ್ತನೇ ತಾರೀಖು 4.45ಕ್ಕೆ ಯಾಕೆ ಎದ್ದರು ಅನ್ನೋದಕ್ಕೂ ಕಾರಣ ಊಹಿಸಬಹುದು. ರಾಜೌರಿ ಕಡೆ ಏಪ್ರಿಲ್‌ನಲ್ಲಿ ಸೂರ್ಯ ಮೂಡುವುದು ಆರರ ಸುಮಾರಿಗೆ. ಕತ್ತಲು ಇರುವಷ್ಟು ಹೊತ್ತು ಮೆಷಿನ್‌ಗನ್ನಿನವನಿಗೆ ಗುರಿ ಸಿಗುವುದು ಕಷ್ಟ. ಬೆಳಕು ಹರಿದು ಅರ್ಧ ಗಂಟೆ ಕಳೆಯುವಷ್ಟರಲ್ಲಿ ತಡೆ ತೆರವಾಗಿತ್ತು. ಅದರ ಮುಂದಿನ ಸಾವಿರ ಗಜ ಇನ್ನೂ ಕೆಟ್ಟದ್ದು: ತಡೆ ಮೇಲೆ ತಡೆ, ಹಾರಿಸಿದ ಒಡ್ಡುಗಳು. 6.30ರಿಂದ 10.30, ನಾಲ್ಕು ಗಂಟೆಗೆ 914 ಮೀಟರ್. ನಿಮಿಷಕ್ಕೆ ನಾಲ್ಕು ಮೀಟರಿಗೂ ಕಡಿಮೆ.

ಇದನ್ನು ಫಲಕದಲ್ಲಿ ಹಾಕಿ ಸ್ವಾಮಿ. "ಸಾವಿರಾರು ಬಾಂಬ್" ಅನ್ನೋದಕ್ಕೆ ಎಲ್ಲೂ ಆಧಾರ ಇಲ್ಲ, ಇದಕ್ಕೆ ಇದೆ.

ನೇರಳೆ_ಪಟ್ಟಿ
ಪದಕದ ಚಿತ್ರದ ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಗೋಡೆಗಳ ಮೇಲೆ ಅತಿ ಹೆಚ್ಚು ಕೆಡುವುದು ಅದೇ. ಪರಮವೀರ ಚಕ್ರ ಕಂಚಿನದು, ಚಿನ್ನದ ಬಣ್ಣ ಬೇಡ. ದುಂಡಗೆ, ವ್ಯಾಸ 1⅜ ಇಂಚು, ಅಂದರೆ ಮೂರೂವರೆ ಸೆಂಟಿಮೀಟರ್. ನಡುವೆ ರಾಷ್ಟ್ರಲಾಂಛನ, ಸುತ್ತ ನಾಲ್ಕು ವಜ್ರಾಯುಧ. ಪಟ್ಟಿ ಪೂರ್ತಿ ನೇರಳೆ, ಗೆರೆ ಇಲ್ಲ. ಬಣ್ಣದವರು ಅಂತರ್ಜಾಲ ನೋಡಿ ಕೆಂಪು ಪಟ್ಟಿ ಬಳಿದರೆ ಅದು ಬ್ರಿಟಿಷರ ವಿಕ್ಟೋರಿಯಾ ಕ್ರಾಸ್‌ನ ಹತ್ತಿರ ಹೋಗುತ್ತದೆ. ಹಸಿರು ಪಟ್ಟಿಗೆ ಕೇಸರಿ ಗೆರೆ ಹಾಕಿದರೆ ಅಶೋಕ ಚಕ್ರ. ಪದಕದ ವಿನ್ಯಾಸ ಸಾವಿತ್ರಿ ಖಾನೋಲ್ಕರ್ ಅವರದ್ದು.

ದಿನಾಂಕದಲ್ಲೂ ಗೊಂದಲ ಆಗುತ್ತದೆ. ಪದಕ ಸ್ಥಾಪನೆಯಾದದ್ದೇ 26 ಜನವರಿ 1950ಕ್ಕೆ, 15 ಆಗಸ್ಟ್ 1947ರಿಂದ ಅನ್ವಯ ಆಗುವ ಹಾಗೆ. ರಾಣೆಯವರದ್ದು ಗೆಜೆಟ್ ಆಗಿದ್ದು 21 ಜೂನ್ 1950, ಜಾರಿ ದಿನಾಂಕ 8 ಏಪ್ರಿಲ್ 1948. ಎರಡನ್ನೂ ಬೆರೆಸಿ "1948ರಲ್ಲಿ ಪರಮವೀರ ಚಕ್ರ ಪಡೆದರು" ಅಂತ ಬರೆದರೆ ಆಗ ಆ ಪದಕವೇ ಇರಲಿಲ್ಲ.

ಇನ್ನು, ಪರಮವೀರ ಒಂದೇ ಅಲ್ಲ. ಸೇವಾವಧಿಯಲ್ಲಿ ಐದು ಬಾರಿ ಮೆನ್ಷನ್ಡ್ ಇನ್ ಡಿಸ್ಪ್ಯಾಚಸ್, ಅಂದರೆ ಯುದ್ಧ ವರದಿಯಲ್ಲಿ ಹೆಸರೆತ್ತಿ ಉಲ್ಲೇಖ. ಇದಕ್ಕೆ ಬೇರೆ ಪದಕ ಇಲ್ಲ, ಯುದ್ಧ ಪದಕದ ಪಟ್ಟಿಯ ಮೇಲೆ ಸಣ್ಣ ಎಲೆಯ ಲಾಂಛನ ಬರುತ್ತದೆ ಅಷ್ಟೇ. ಅದಕ್ಕೇ ಚಿತ್ರದಲ್ಲಿ ಯಾರ ಕಣ್ಣಿಗೂ ಬೀಳಲ್ಲ. ಫಲಕದಲ್ಲಿ ಅರ್ಧ ಸಾಲು ಅದಕ್ಕೆ ಕೊಡಿ.

ಮಾಜಾಳಿ_ಗಾಳಿ
ಬರ್ಮಾದ್ದೂ ಒಂದು ಸಾಲು ಬೇಕು. 26ನೇ ಡಿವಿಷನ್ನಿನ 28 ಫೀಲ್ಡ್ ಕಂಪನಿಯಲ್ಲಿದ್ದರು. ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನ್‌ನಿಂದ ಸೇನೆ ಹಿಂದೆ ಸರಿಯುವಾಗ ಬುತಿಡಾಂಗ್‌ನಲ್ಲಿ ಶತ್ರುವಿಗೆ ಸಿಗಬಾರದ್ದನ್ನು ನಾಶ ಮಾಡಲು ಇವರ ಸೆಕ್ಷನ್ನನ್ನು ಹಿಂದೆ ಬಿಟ್ಟರು. ಕೆಲಸ ಆಯ್ತು, ಕರೆದೊಯ್ಯಲು ಬರಬೇಕಿದ್ದ ನೌಕಾಪಡೆಯ ದೋಣಿ ಬರಲಿಲ್ಲ. ಜಪಾನೀಯರು ಪಹರೆ ಇಟ್ಟಿದ್ದ ನದಿಯನ್ನು ತಾವೇ ದಾಟಿ ಡಿವಿಷನ್ ಸೇರಿಕೊಂಡರು. ಹವಾಲ್ದಾರ್ ಬಡ್ತಿ ಬಂದದ್ದು ಆ ಕೆಲಸಕ್ಕೆ. ರಾಜೌರಿ ರಸ್ತೆಯಲ್ಲಿ ಮಾಡಿದ್ದರ ತಿರುಗುಮುರುಗು ಕೆಲಸ ಅದು, ಅಲ್ಲಿ ಹಾರಿಸೋದು, ಇಲ್ಲಿ ಹಾರಿಸಿದ್ದನ್ನು ಬಿಡಿಸೋದು. ತಡೆ ಹಾಕುವವನ ತಲೆ ಹೇಗೆ ಓಡುತ್ತದೆ ಅಂತ ಗೊತ್ತಿದ್ದವರು.

ಸುಣ್ಣದಗೂಡು
ಇಷ್ಟೆಲ್ಲ ಇದ್ದೂ ಜನಕ್ಕೆ ಯಾಕೆ ಗೊತ್ತಿಲ್ಲ? ನಮ್ಮ ಕಡೆ ಪರಮವೀರ ಅಂದರೆ ಸೋಮನಾಥ ಶರ್ಮ, ಅಬ್ದುಲ್ ಹಮೀದ್, ವಿಕ್ರಮ್ ಬಾತ್ರಾ ಇಷ್ಟೇ.

ಹಳೇಗೆಜೆಟ್
ಬದುಕಿ ಬಂದದ್ದು ಒಂದು ಕಾರಣ. ಕಡತದಲ್ಲಿ ಅವರು ಬೀಳಿಸಿದ ಶತ್ರುಗಳ ಎಣಿಕೆ ಇಲ್ಲದಿರುವುದು ಇನ್ನೊಂದು. ಕೋರ್ ಆಫ್ ಎಂಜಿನಿಯರ್ಸ್‌ನ ಅಧಿಕಾರಿಯ ಕೆಲಸ ಗುಂಡು ಹಾರಿಸುವುದಲ್ಲ, ಹಾರಿಸುವವರು ಮುಂದೆ ಹೋಗುವ ಹಾಗೆ ಮಾಡುವುದು. ರಾಜೌರಿ ಗೆದ್ದ ಹೆಸರು 4ನೇ ಡೋಗ್ರಾ ಬೆಟಾಲಿಯನ್ನಿಗೆ, ಟ್ಯಾಂಕಿನವರಿಗೆ ಹೋಗುತ್ತದೆ, ಅದು ನ್ಯಾಯವೇ. ರಾಣೆಯವರಿದ್ದ 37 ಅಸಾಲ್ಟ್ ಫೀಲ್ಡ್ ಕಂಪನಿಯ ಹೆಸರು ಅಡಿಟಿಪ್ಪಣಿಗೆ ಹೋಗುತ್ತದೆ.

ಮಾಜಾಳಿ_ಗಾಳಿ
ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯದ ಪಕ್ಕ 2006ರಲ್ಲಿ ಪ್ರತಿಮೆ ನಿಂತಿದೆ. ಆದರೆ ನೌಕೆಯ ಪಕ್ಕ ನಿಂತ ಪ್ರತಿಮೆ ನೋಡಿದ ಹೊಸಬರು ನೌಕಾಪಡೆಯವರು ಅಂದುಕೊಂಡರೆ ಅವರನ್ನು ದೂರುವಂತಿಲ್ಲ. ಶಿಪ್ಪಿಂಗ್ ಕಾರ್ಪೊರೇಷನ್ 1984ರಲ್ಲಿ ಒಂದು ಕಚ್ಚಾತೈಲದ ಹಡಗಿಗೆ ಅವರ ಹೆಸರಿಟ್ಟಿತ್ತು. 2023ರ ಜನವರಿ 23ಕ್ಕೆ ಅಂಡಮಾನಿನ 21 ದ್ವೀಪಗಳಿಗೆ ಪರಮವೀರರ ಹೆಸರು ಬಂದಾಗ ಒಂದು ಇವರ ಪಾಲಿಗೆ ಬಂತು. ಭೂಸೇನೆಯ ಮನುಷ್ಯ, ಹೆಸರು ಮಾತ್ರ ಎಲ್ಲ ಸಮುದ್ರದಲ್ಲಿ!

ಗೋಡೆಬರಹ
ಎಲ್ಲ ಸೇರಿಸಿ ಹೀಗೆ ಬರೆದಿದೆ, ನೋಡಿ:

"ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬಾ ರಾಣೆ, ಪರಮವೀರ ಚಕ್ರ (1918–1994). ಕಾರವಾರ ತಾಲ್ಲೂಕಿನ ಚೆಂಡಿಯಾದವರು. 1940ರಲ್ಲಿ ಸಿಪಾಯಿಯಾಗಿ ಬಾಂಬೆ ಸ್ಯಾಪರ್ಸ್ ಸೇರಿ ಬರ್ಮಾದಲ್ಲಿ ಹೋರಾಡಿದರು. 1948ರ ಏಪ್ರಿಲ್ 8ರಂದು ನೌಶೇರಾ–ರಾಜೌರಿ ರಸ್ತೆಯಲ್ಲಿ ಗಾಯಗೊಂಡರೂ, ಏಪ್ರಿಲ್ 11ರ ರಾತ್ರಿಯವರೆಗೆ ಗುಂಡಿನ ಎದುರು ಮೈನ್ ತೆಗೆದು, ಮರದ ತಡೆಗಳನ್ನು ಸಿಡಿಸಿ, ಬಳಸುದಾರಿ ಕಡಿದು, ಮೊದಲು ಟ್ಯಾಂಕುಗಳಿಗೆ, ಆಮೇಲೆ ಸರಬರಾಜು ಗಾಡಿಗಳಿಗೆ ದಾರಿ ಮಾಡಿದರು. ಒಂದು ಸಾವಿರ ಗಜ ದಾರಿ ಬಿಡಿಸಲು ನಾಲ್ಕು ಗಂಟೆ ಹಿಡಿಯಿತು. ಏಪ್ರಿಲ್ 12ರಂದು ಸೇನೆ ರಾಜೌರಿ ತಲುಪಿತು. ಐದು ಬಾರಿ ಯುದ್ಧ ವರದಿಗಳಲ್ಲಿ ಉಲ್ಲೇಖ. ಮೇಜರ್ ಆಗಿ ನಿವೃತ್ತಿ, 1968."

ಮುಳ್ಳುತಂತಿ
"ಮಾಡಿದರು" ಬದಲು "ತಮ್ಮ ತಂಡದೊಂದಿಗೆ ಮಾಡಿದರು" ಅಂತ ಆಗಲಿ. ಬಳಸುದಾರಿ ಒಬ್ಬರಿಂದ ಆಗುವ ಕೆಲಸ ಅಲ್ಲ. ಮೊದಲ ದಿನ ಸತ್ತ ಇಬ್ಬರು ಸ್ಯಾಪರ್‌ಗಳೂ ಆ ತಂಡದವರೇ.

ಹಳೇಗೆಜೆಟ್
ಗೆಜೆಟ್ ದಿನಾಂಕ ಬಿಟ್ಟುಹೋಗಿದೆ. ಮೊದಲ ಸಾಲಿನಲ್ಲಿ ಪದಕದ ಹೆಸರಿನ ಪಕ್ಕ "ಗೆಜೆಟ್: 21 ಜೂನ್ 1950" ಹಾಕಿ, ಜಾಗ ಹಿಡಿಯುತ್ತದೆ.

ಗೋಡೆಬರಹ
ಎರಡೂ ಸೇರಿಸಿದೆ. ಬಲಮೂಲೆಯಲ್ಲಿ ಸಣ್ಣ ನಕ್ಷೆ ಬರೆಯುತ್ತಾರೆ. ಜಮ್ಮು, ತಾವಿ ನದಿ, ನೌಶೇರಾ, ಚಿಂಗಸ್, ರಾಜೌರಿ ಗುರುತಿಸಿದರೆ ಸಾಕಲ್ಲವೇ?

ನಕಾಶೆ
ತಾವಿಯ ಹತ್ತಿರ ನಿಲ್ಲಿ. ಜಮ್ಮು ಊರಿನ ತಾವಿ ಬೇರೆ, ಇದು ಬೇರೆ. ಟ್ಯಾಂಕುಗಳು ಇಳಿದದ್ದು ರಾಜೌರಿ, ನೌಶೇರಾ ಕಡೆಯಿಂದ ಹರಿದುಬರುವ ಮನಾವರ್ ತಾವಿಗೆ. ಅದು ಪೀರ್ ಪಂಜಾಲ್‌ನಲ್ಲಿ ಹುಟ್ಟಿ ದಕ್ಷಿಣಕ್ಕೆ ಇಳಿದು ಚಿನಾಬ್ ಸೇರುತ್ತದೆ. ನಕ್ಷೆಯಲ್ಲಿ ರಾಜೌರಿ ಮೇಲೆ, ನೌಶೇರಾ ಕೆಳಗೆ, ನಡುದಾರಿಯಲ್ಲಿ ಚಿಂಗಸ್ (ಜಹಾಂಗೀರನ ಕರುಳು ಹೂತಿಟ್ಟ ಮೊಘಲ್ ಸರಾಯಿ ಇರುವುದು ಅಲ್ಲೇ). ಸೇನೆ ಹೋದದ್ದು ಕೆಳಗಿನಿಂದ ಮೇಲಕ್ಕೆ, ಬಾಣದ ಗುರುತು ಉತ್ತರಕ್ಕೆ ಇರಲಿ. ಜಮ್ಮು ಬಿಟ್ಟುಬಿಡಿ, ಅದನ್ನು ತುರುಕಲು ಹೋದರೆ ಅಳತೆ ಕುಗ್ಗಿ ಈ ಮೂರು ಊರೂ ಒಂದರ ಮೇಲೊಂದು ಕೂರುತ್ತವೆ.